ಕರೋಲ್ ಬಾಗಿನ ಗಾಳಿ: ದಿಲ್ಲಿಯ ಧೂಮವನ್ನೂ ಆದಾಯದ ಅಸಮತೆಯನ್ನೂ ಕುರಿತ ಒಂದು ಐತಿಹಾಸಿಕ ವಿವೇಚನೆ

ದಿಲ್ಲಿಯ ಚಳಿಗಾಲದ ಹೊಗೆಯನ್ನು ಕುರಿತು ನಡೆಯುವ ಚರ್ಚೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ನೀರನ್ನು ಬೇರೆ ಬೇರೆ ನಳಗಳಲ್ಲಿ ಹರಿಸಬಹುದು, ನೆಲವನ್ನು ಬೇಲಿ ಹಾಕಿ ಹಂಚಬಹುದು. ಗಾಳಿಯನ್ನು ಮಾತ್ರ ಹಂಚಲಾಗದು, ಆದುದರಿಂದ ಹೊಗೆಯ ಮುಂದೆ ಸಿರಿವಂತನೂ ಬಡವನೂ ಸಮಾನರು ಎಂಬುದೇ ಆ ಮಾತು. ಈ ಅಭಿಪ್ರಾಯದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ನವೆಂಬರ್ ತಿಂಗಳಿನ ಮುಂಜಾವಿನಲ್ಲಿ ರಾಜಧಾನಿಯ ಮೇಲೆ ಕವಿಯುವ ಮುಸುಕು ಬಂಗಲೆಯನ್ನೂ ಗುಡಿಸಲನ್ನೂ ಒಟ್ಟಿಗೆ ಮುಚ್ಚುವುದು ಪ್ರತ್ಯಕ್ಷವಾದ ಸಂಗತಿಯೇ. ಆದರೆ ನಗರದ ಒಂದು ಭಾಗವನ್ನು ಹಿಡಿದು ಅದರ ಶತಮಾನದ ಚರಿತ್ರೆಯನ್ನು ಅವಲೋಕಿಸಿದಲ್ಲಿ, ಗಾಳಿಯೂ ಹಂಚಿಕೆಗೆ ಒಳಪಟ್ಟ ವಸ್ತುವೇ ಎಂಬುದೂ, ಆ ಹಂಚಿಕೆಯ ಅಳತೆಗೋಲು ಬಹುಮಟ್ಟಿಗೆ ವರಮಾನವೇ ಎಂಬುದೂ ವಿದಿತವಾಗುತ್ತದೆ.

ಇಂಥ ಅವಲೋಕನಕ್ಕೆ ಕರೋಲ್ ಬಾಗ್ ತಕ್ಕ ಸ್ಥಳ. ಅದು ದಿಲ್ಲಿಯ ಅತಿ ಬಡವರ ಕೇರಿಯಲ್ಲ, ಅತಿ ಸಿರಿವಂತರ ಬೀದಿಯೂ ಅಲ್ಲ. ಉದ್ಯೋಗವನ್ನರಸಿ ಉತ್ತರಕ್ಕೆ ಬಂದ ದಾಕ್ಷಿಣಾತ್ಯರ ಪೈಕಿ ಬಹುಮಂದಿಗೆ ಮೊದಲ ಬಿಡಾರ ದೊರೆತುದು ಅಲ್ಲಿಯೇ. ಸೆಕ್ರೆಟೇರಿಯೆಟ್ಟಿನ ಗುಮಾಸ್ತನಿಗೂ, ಸ್ಟೆನೋಗ್ರಾಫರನಿಗೂ, ಕಾಲೇಜಿನ ಹೊಸ ಅಧ್ಯಾಪಕನಿಗೂ ಮಹಡಿಯ ಮೇಲಿನ ಒಂದು ಕೋಣೆ, ನೆರೆಯಲ್ಲಿ ಅನ್ನ ಸಾರು ಸಿಕ್ಕುವ ಒಂದು ಮೆಸ್ಸು—ಇಷ್ಟನ್ನು ಒದಗಿಸಿದ ಊರು ಅದು. ಹಾಗೆ ಬಂದವರಲ್ಲಿ ಕನ್ನಡಿಗರೂ ಇದ್ದರು. ಆದರೆ ಅವರು ಬಾಡಿಗೆ ಕೊಟ್ಟು ಕುಳಿತ ಆ ನೆಲ ಹೇಗೆ ಹುಟ್ಟಿತೆಂಬುದನ್ನು ವಿಚಾರಿಸುವ ಅವಕಾಶ ಅವರಲ್ಲಿ ಹೆಚ್ಚು ಮಂದಿಗೆ ಒದಗಿದಂತೆ ತೋರುವುದಿಲ್ಲ.

೧೯೧೧ನೆಯ ಇಸವಿ ಡಿಸೆಂಬರ್ ೧೨ರಂದು ದಿಲ್ಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ವರ್ಗಾಯಿಸುವುದಾಗಿ ಸಾರಿದನು. ಮರುವರ್ಷ ನೇಮಕಗೊಂಡ ನಗರಯೋಜನಾ ಸಮಿತಿಯಲ್ಲಿ ಸ್ವಿಂಟನ್, ಬ್ರೋಡಿ, ಲಟ್ಯೆನ್ಸ್ ಎಂಬ ಮೂವರು ಸದಸ್ಯರು. ಹೊಸ ರಾಜಧಾನಿಯ ನೆಲೆ ಯಾವುದಾಗಬೇಕೆಂಬ ವಿಷಯದಲ್ಲಿ ಈ ಸಮಿತಿಯು ತೂಗಿ ನೋಡಿದ ಮುಖ್ಯ ಅಂಶಗಳಲ್ಲಿ ಆರೋಗ್ಯವೂ ಒಂದು. ದರ್ಬಾರು ನಡೆದ ಉತ್ತರದ ಬಯಲು ತಗ್ಗಾದುದು, ಮಲೇರಿಯಕ್ಕೆ ಆಸ್ಪದವಾದುದು ಎಂದು ಅದನ್ನು ಕೈಬಿಟ್ಟರು. ಅರಾವಳಿಯ ದಿಣ್ಣೆಗೆ ಪಶ್ಚಿಮದಲ್ಲಿದ್ದ ಬಯಲೂ ಒಪ್ಪಿತವಾಗಲಿಲ್ಲ. ಕೊನೆಗೆ ಹಳೆಯ ಊರಿನ ದಕ್ಷಿಣಕ್ಕೆ, ರೈಸೀನಾ ಗುಡ್ಡದ ಸುತ್ತಣ ಎತ್ತರದ ನೆಲವನ್ನು ಆರಿಸಿಕೊಂಡರು. ಹೊಸ ರಾಜಧಾನಿಗೆ ನಿರಾಕೃತವಾದ ಆ ಪಶ್ಚಿಮ ಪಾರ್ಶ್ವದಲ್ಲೇ ಮುಂದೆ ಕರೋಲ್ ಬಾಗ್ ಬೆಳೆಯಿತು.

ರೈಸೀನಾದ ಪರಿಸರವೇನೂ ಬರಿದಾಗಿರಲಿಲ್ಲ. ಕನ್ನಾಟ್ ಪ್ಲೇಸ್ ಎದ್ದು ನಿಂತ ಜಾಗದಲ್ಲಿ ಮಾಧೋಗಂಜ್, ಜಯಸಿಂಹಪುರ, ರಾಜಾ ಕಾ ಬಜಾರ್ ಎಂಬ ವಸತಿಗಳಿದ್ದುವು. ೧೯೨೦ರ ದಶಕದಲ್ಲಿ ಅವುಗಳನ್ನು ತೆರವು ಮಾಡಿಸಿ ಅಲ್ಲಿನ ಜನರನ್ನು ಕಲ್ಲುಬಂಡೆಗಳೂ ಕುರುಚಲು ಗಿಡಗಳೂ ತುಂಬಿದ್ದ ಕರೋಲ್ ಬಾಗಿಗೆ ಸಾಗಿಸಲಾಯಿತು. ಹಳೆಯ ಊರಿನ ಜನಸಂದಣಿಯನ್ನು ತಗ್ಗಿಸುವುದಕ್ಕಾಗಿ ಸರ್ಕಾರವು ರೂಪಿಸಿದ ‘ವೆಸ್ಟರ್ನ್ ಎಕ್ಸ್‌ಟೆನ್ಷನ್’ ಅಥವಾ ಪಶ್ಚಿಮ ಬಡಾವಣೆಯೂ ಇದೇ. ಈ ಪ್ರದೇಶದ ಬೀದಿಗಳ ವಿಳಾಸದಲ್ಲಿ ಇಂದಿಗೂ ‘ಡಬ್ಲ್ಯು. ಇ. ಎ.’ ಎಂಬ ಮೂರಕ್ಷರಗಳು ಉಳಿದುಕೊಂಡಿವೆ.

‘ಬಡಾವಣೆ’ ಎಂಬ ಪದ ಬೆಂಗಳೂರಿನವನ ಕಿವಿಗೆ ಬೇರೊಂದು ಅರ್ಥವನ್ನು ಧ್ವನಿಸುತ್ತದೆ. ೧೮೯೮ರ ಪ್ಲೇಗಿನ ತರುವಾಯ ಮಲ್ಲೇಶ್ವರ ಬಸವನಗುಡಿಗಳು ವಿಸ್ತಾರಗೊಂಡಾಗ, ಪೇಟೆಯ ಇಕ್ಕಟ್ಟಿನಿಂದ ಪಾರಾಗಿ ಅಗಲವಾದ ಬೀದಿ, ಮನೆಯ ಹಿಂದೊಂದು ಹಿತ್ತಿಲು, ಒಳ್ಳೆಯ ಗಾಳಿ ಇವುಗಳನ್ನು ಪಡೆದವರು ಅನುಕೂಲಸ್ಥರೂ ಮಧ್ಯಮವರ್ಗದವರೂ. ಅಲ್ಲಿ ಬಡಾವಣೆಯೆಂದರೆ ಗಾಳಿಯನ್ನು ಅರಸಿಕೊಂಡು ಹೋಗುವುದು. ದಿಲ್ಲಿಯ ಪಶ್ಚಿಮ ಬಡಾವಣೆ ಹುಟ್ಟಿದುದು ಇದಕ್ಕೆ ವ್ಯತಿರಿಕ್ತವಾಗಿ: ಗಾಳಿಯನ್ನು ಅರಸಿದವರು ರೈಸೀನಾದಲ್ಲಿ ನೆಲೆನಿಂತರು, ಅವರಿಗೆ ಎಡೆ ಮಾಡಿಕೊಟ್ಟವರು ಬಡಾವಣೆಗೆ ಬಂದರು.

ಅವರೊಡನೆ ಬಂದ ಮತ್ತೊಂದು ವರ್ಗವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕರೋಲ್ ಬಾಗಿನ ಒಂದು ಭಾಗಕ್ಕೆ ರೈಗರ್‌ಪುರಾ ಎಂದು ಹೆಸರು. ಚರ್ಮ ಹದಮಾಡುವ, ಪಾದರಕ್ಷೆ ಹೊಲಿಯುವ ರೈಗರ್ ಜನ ನೆಲೆಯೂರಿದ ಕೇರಿ ಅದು. ಪಕ್ಕದಲ್ಲೇ ಇರುವ ಬೀಡನ್‌ಪುರಾ, ದಿಲ್ಲಿಯ ಡೆಪ್ಯುಟಿ ಕಮಿಷನರನಾಗಿದ್ದ ಬೀಡನ್ನನ ಹೆಸರನ್ನು ಹೊತ್ತಿದೆ. ಸ್ಥಳಾಂತರಗೊಂಡ ಕುಲದ ಹೆಸರೂ, ಆಳಿದ ಅಧಿಕಾರಿಯ ಹೆಸರೂ ಹೀಗೆ ಒಂದೇ ಬೀದಿಯ ಎರಡು ಕೊನೆಗಳಲ್ಲಿ ನಿಂತಿರುವುದು ಅರ್ಥಗರ್ಭಿತವಾಗಿದೆ. ವಸಾಹತು ಕಾಲದ ನಗರಸಭೆಗಳ ಭಾಷೆಯಲ್ಲಿ ಚರ್ಮದ ಕೆಲಸ, ಸುಣ್ಣದ ಗೂಡು, ಇಟ್ಟಿಗೆಯ ಆವಿಗೆ, ಮೂಳೆ ಕೊಬ್ಬುಗಳ ಕಾಯಿಸುವಿಕೆ ಇವೆಲ್ಲ ‘ಅಸಹ್ಯ ಕಸುಬುಗಳು’. ದುರ್ಗಂಧವೇ ರೋಗಕ್ಕೆ ಮೂಲವೆಂಬ ಹಳೆಯ ವೈದ್ಯಮತ ಯೂರೋಪಿನಲ್ಲಿ ಅಳಿದುಹೋದಮೇಲೂ ಈ ವರ್ಗೀಕರಣ ಅಳಿಯಲಿಲ್ಲ. ಅಸಹ್ಯವೆಂದು ಹೆಸರು ಪಡೆದ ಕಸುಬನ್ನು ಊರ ಹೊರಗೆ ಕಳುಹಿಸುವಾಗ ಕಸುಬಿನವನನ್ನೂ ಅದರ ಜತೆಗೇ ಕಳುಹಿಸುತ್ತಿದ್ದರು; ಕೆಲಸವೂ ವಾಸವೂ ಒಂದೇ ಸೂರಿನಡಿಯಲ್ಲಿ ಇದ್ದವನಿಗೆ ಬೇರೆ ಗತಿಯಿರಲಿಲ್ಲ. ಊರಿನ ಮಧ್ಯದ ಗಾಳಿ ಹಗುರವಾಯಿತು, ಅಂಚಿನ ಗಾಳಿ ಭಾರವಾಯಿತು. ಭಾರತದ ನಗರಗಳಲ್ಲಿ ವರಮಾನಕ್ಕಿಂತ ಮೊದಲು ಜಾತಿಯೇ ಗಾಳಿಯನ್ನು ಹಂಚಿತೆಂಬುದನ್ನು ಪಾಶ್ಚಾತ್ಯ ಅರ್ಥಶಾಸ್ತ್ರಜ್ಞರ ಸೂತ್ರಗಳು ಲೆಕ್ಕಕ್ಕೆ ತಂದುಕೊಳ್ಳುವುದು ಅಪೂರ್ವ.

ಹೊಗೆಯನ್ನೇ ಗುರಿಯಾಗಿಟ್ಟುಕೊಂಡ ಶಾಸನಗಳು ಆ ಕಾಲದಲ್ಲಿ ಇರಲಿಲ್ಲವೆಂದಲ್ಲ. ಬಂಗಾಳದಲ್ಲಿ ೧೯೦೫ರಲ್ಲಿಯೂ ಮುಂಬಯಿಯಲ್ಲಿ ೧೯೧೨ರಲ್ಲಿಯೂ ಧೂಮೋಪದ್ರವದ ಕಾಯಿದೆಗಳು ಜಾರಿಗೆ ಬಂದುವು. ಅವು ಕಾರ್ಖಾನೆಯ ಕುಲುಮೆಗಳನ್ನು ಕುರಿತ ಕಾಯಿದೆಗಳು. ಮನೆಯೊಳಗಿನ ಒಲೆಯ ಮಾತು ಅವುಗಳಿಗೆ ಹೊರತಾದುದು. ದಿಲ್ಲಿಯಲ್ಲಾದರೋ ೧೮೮೯ರಲ್ಲಿ ಸ್ಥಾಪಿತವಾದ ದಿಲ್ಲಿ ಕ್ಲಾತ್ ಮಿಲ್ಸ್, ಅನಂತರದ ಬಿರ್ಲಾ ಮಿಲ್ಸ್ ಮುಂತಾದುವು ಹಳೆಯ ಊರಿನ ಪಶ್ಚಿಮೋತ್ತರಕ್ಕೆ, ಅಂದರೆ ಕರೋಲ್ ಬಾಗಿನ ಉತ್ತರದ ಮಗ್ಗುಲಲ್ಲಿ, ರೈಲುಹಾದಿಯನ್ನು ಅನುಸರಿಸಿ ಬೆಳೆದುವು. ಕೂಲಿಕಾರರು ಗಿರಣಿಯ ನೆರಳಿನಲ್ಲೇ ವಾಸಿಸಿದರು. ೧೯೩೬ರಲ್ಲಿ ಹ್ಯೂಮ್ ಎಂಬ ಅಧಿಕಾರಿ ದಿಲ್ಲಿಯ ಜನಸಂದಣಿಯ ನಿವಾರಣೆಯನ್ನು ಕುರಿತು ವರದಿಯನ್ನು ಒಪ್ಪಿಸಿದನು. ಅದರ ಫಲವಾಗಿ ೧೯೩೭ರಲ್ಲಿ ದಿಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಜನ್ಮತಾಳಿತು. ಅದು ನೆಲವನ್ನು ಸಮಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೂಗಬಲ್ಲವನ ಆರೋಗ್ಯ ಸುಧಾರಿಸಿತು.

ಈ ನಡುವೆ ಕರೋಲ್ ಬಾಗಿಗೆ ಬೇರೊಂದು ಬಗೆಯ ಕೀರ್ತಿಯೂ ಬಂದಿತು. ಹಕೀಂ ಅಜ್ಮಲ್ ಖಾನರ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿಗೆ ೧೯೧೬ರಲ್ಲಿ ಲಾರ್ಡ್ ಹಾರ್ಡಿಂಜ್ ಅಸ್ತಿಭಾರವಿಟ್ಟನು. ೧೯೨೧ನೆಯ ಫೆಬ್ರವರಿ ೧೩ರಂದು ಮಹಾತ್ಮ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅದೇ ಪ್ರದೇಶಕ್ಕೆ ಹೊಂದಿಕೊಂಡ ಆನಂದ ಪರ್ವತವೆಂಬ ಗುಡ್ಡದ ಮೇಲೆ ರಾಮಜಸ್ ಕಾಲೇಜು ಕೆಲಕಾಲ ನಡೆಯುತ್ತಿತ್ತು. ಎತ್ತರದ ಮೇಲೆ ವಿದ್ಯಾಲಯ, ತಪ್ಪಲಿನಲ್ಲಿ ವೈದ್ಯಾಲಯ: ಹೊಸ ಬಡಾವಣೆಗೆ ಇನ್ನೊಂದು ಭವಿಷ್ಯವೂ ಸಾಧ್ಯವಿದ್ದಿತು. ಕಾಲೇಜು ವಿಶ್ವವಿದ್ಯಾನಿಲಯದ ಆವರಣಕ್ಕೆ ಹೊರಟುಹೋದಮೇಲೆ ಆನಂದ ಪರ್ವತದ ಇಳಿಜಾರುಗಳನ್ನು ಲೋಹದ ಕೆಲಸ, ವಿದ್ಯುಲ್ಲೇಪನ, ಎರಕ, ರಬ್ಬರು ಮೊದಲಾದ ಸಣ್ಣ ಕಾರ್ಖಾನೆಗಳು ಆಕ್ರಮಿಸಿದುವು. ೨೦೦೭ರಲ್ಲಿ ಪ್ರಕಟವಾದ ದಿಲ್ಲಿಯ ಮಹಾಯೋಜನೆಯೂ ಆ ಗುಡ್ಡವನ್ನು ಯೋಜನೆಗೆ ಹೊಂದದ ಕೈಗಾರಿಕಾ ಗುಂಪುಗಳ ಸಾಲಿನಲ್ಲೇ ಎಣಿಸಬೇಕಾಯಿತು.

೧೯೪೭ರ ವಿಭಜನೆ ಈ ಚಿತ್ರವನ್ನು ಬುಡಮೇಲು ಮಾಡಿತು. ಕರೋಲ್ ಬಾಗಿನ ಮುಸಲ್ಮಾನ ಕುಟುಂಬಗಳಲ್ಲಿ ಬಹುಭಾಗ ಊರು ತೊರೆದುವು. ಪಶ್ಚಿಮ ಪಂಜಾಬಿನಿಂದ ನಿರಾಶ್ರಿತರು ಬಂದು ತುಂಬಿದರು. ೧೯೪೧ರಲ್ಲಿ ೯ ಲಕ್ಷ ೧೮ ಸಾವಿರದಷ್ಟಿದ್ದ ದಿಲ್ಲಿ ರಾಜ್ಯದ ಜನಸಂಖ್ಯೆ ೧೯೫೧ರಲ್ಲಿ ೧೭ ಲಕ್ಷ ೪೪ ಸಾವಿರಕ್ಕೆ ಏರಿತು. ರಾಜೇಂದ್ರನಗರ, ಪಟೇಲ್ ನಗರಗಳು ಎದ್ದುವು. ಅದೇ ಸುಮಾರಿನಲ್ಲಿ, ೧೯೪೯ರಲ್ಲಿ, ನಜಫ್‌ಗಢ ರಸ್ತೆಯ ಬಳಿ ಶ್ರೀರಾಮ್ ಸಮೂಹದ ಕಾಸ್ಟಿಕ್ ಕ್ಲೋರಿನ್ ಸ್ಥಾವರ ಕೆಲಸವನ್ನಾರಂಭಿಸಿತು.

ಆ ದಶಕದ ದಿಲ್ಲಿಯ ಆದಾಯಸ್ಥಿತಿಯನ್ನು ಶಾಸ್ತ್ರೀಯವಾಗಿ ಅಳೆಯಲು ಹೊರಟ ವಿದ್ವಾಂಸರಲ್ಲಿ ಪ್ರಮುಖರು ಡಾ. ವಿ. ಕೆ. ಆರ್. ವಿ. ರಾವ್. ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸಿನ ಸಂಸ್ಥಾಪಕರಾದ ಇವರು ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಗೊಂಡು, ೧೯೭೨ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರಾದುದರಿಂದ ಕನ್ನಡಿಗರಿಗೆ ಪರಿಚಿತರೇ. ಅವರೂ ಪಿ. ಬಿ. ದೇಸಾಯಿಯವರೂ ರಚಿಸಿದ ‘ಗ್ರೇಟರ್ ಡೆಲ್ಲಿ’ ಎಂಬ ಗ್ರಂಥ ೧೯೪೦ರಿಂದ ೧೯೫೭ರವರೆಗಿನ ನಗರೀಕರಣವನ್ನು ವಿವೇಚಿಸಿ ೧೯೬೫ರಲ್ಲಿ ಪ್ರಕಟವಾಯಿತು. ಯಾರು ಎಲ್ಲಿಂದ ಬಂದರು, ಏನು ಕೆಲಸ ಮಾಡಿದರು, ಎಷ್ಟು ಗಳಿಸಿದರು ಎಂಬುದನ್ನು ಅರ್ಥಶಾಸ್ತ್ರಜ್ಞರು ಮನೆಮನೆಗೂ ಹೋಗಿ ಕೇಳುತ್ತಿದ್ದ ಕಾಲವದು; ಎಂಥ ಗಾಳಿಯನ್ನು ಉಸಿರಾಡಿದರು ಎಂಬ ಪ್ರಶ್ನೆ ಆದಾಯದ ಲೆಕ್ಕಕ್ಕೆ ಸೇರಿದುದೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಇದು ಆ ವಿದ್ವಾಂಸರ ನ್ಯೂನತೆಯಲ್ಲ. ೧೯೫೨ರ ಡಿಸೆಂಬರಿನಲ್ಲಿ ಲಂಡನ್ನಿನ ಮಹಾಧೂಮ ಸುಮಾರು ೪ ಸಾವಿರ ಮಂದಿಯನ್ನು ಬಲಿ ತೆಗೆದುಕೊಂಡಿತೆಂದು ಅಂದಿನ ಲೆಕ್ಕ. ತರುವಾಯದ ಗಣನೆಗಳು ಈ ಸಂಖ್ಯೆಯನ್ನು ೧೨ ಸಾವಿರದವರೆಗೂ ಒಯ್ದಿವೆ. ಅಂಥ ದುರಂತ ಕಣ್ಣೆದುರಿಗೆ ನಡೆದ ಬಳಿಕವೂ ಬ್ರಿಟಿಷರು ಶುದ್ಧವಾಯು ಕಾಯಿದೆಯನ್ನು ತರಲು ೧೯೫೬ರವರೆಗೆ ಕಾಯ್ದರು.

ಇಂಗ್ಲೆಂಡಿನ ಉದಾಹರಣೆ ಇಲ್ಲಿ ಇನ್ನೊಂದು ಕಾರಣಕ್ಕಾಗಿ ಪ್ರಸ್ತುತ. ಹೆಬ್ಲಿಚ್, ಟ್ರೂ ಮತ್ತು ಜೈಲ್ಬರ್‌ಬರ್ಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ೨೦೨೧ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಸುಮಾರು ೭೦ ಇಂಗ್ಲಿಷ್ ಪಟ್ಟಣಗಳ ಹಳೆಯ ನಕ್ಷೆಗಳಿಂದ ಕಾರ್ಖಾನೆಗಳ ಚಿಮಣಿಗಳನ್ನು ಗುರುತಿಸಿ, ಹತ್ತೊಂಬತ್ತನೆಯ ಶತಮಾನದ ಹೊಗೆ ಎತ್ತ ಹಬ್ಬಿತೆಂಬುದನ್ನು ನಿರ್ಣಯಿಸಿದರು. ಅಲ್ಲಿ ಗಾಳಿ ಬಹುಮಟ್ಟಿಗೆ ಪಶ್ಚಿಮದಿಂದ ಬೀಸುವುದರಿಂದ ಹೊಗೆ ಪೂರ್ವದ ಕೇರಿಗಳ ಮೇಲೆ ಇಳಿಯುತ್ತಿತ್ತು. ಬಡವರು ಪೂರ್ವದಲ್ಲಿ ನೆಲೆಸಿದರು. ಚಿಮಣಿಗಳು ಆರಿಹೋಗಿ ದಶಕಗಳು ಕಳೆದರೂ ಆ ಕೇರಿಗಳು ಬಡವಾಗಿಯೇ ಉಳಿದುವು. ದಿಲ್ಲಿಗೆ ಈ ಸೂತ್ರವನ್ನು ಹಾಗೆಯೇ ಅನ್ವಯಿಸಹೊರಟರೆ ಒಂದು ವಿಚಿತ್ರ ಎದುರಾಗುತ್ತದೆ. ದಿಲ್ಲಿಯ ಚಳಿಗಾಲದ ಗಾಳಿ ವಾಯವ್ಯದ ಕಡೆಯಿಂದ ಬರುವುದು. ನಜಫ್‌ಗಢ ರಸ್ತೆ, ಆನಂದ ಪರ್ವತ, ಕರೋಲ್ ಬಾಗ್ ಇವೆಲ್ಲ ಇರುವುದು ಹೊಸದಿಲ್ಲಿಯ ವಾಯವ್ಯಕ್ಕೆ. ಹಾಗಾದರೆ ಗಾಳಿಯ ನಿಯಮದಂತೆ ಹೊಗೆ ಹೋಗಿ ಸೇರಬೇಕಾದುದು ಅಧಿಕಾರಿಗಳ ಬಂಗಲೆಗಳಿಗೇ! ದಿಲ್ಲಿಯ ಸಿರಿವಂತರು ತಮ್ಮನ್ನು ಕಾಪಾಡಿಕೊಂಡುದು ದಿಕ್ಕಿನ ಆಯ್ಕೆಯಿಂದಲ್ಲ, ಅವಕಾಶದ ಆಯ್ಕೆಯಿಂದ. ಹೊಸದಿಲ್ಲಿ ನಗರಪಾಲಿಕಾ ಪರಿಷತ್ತಿನ ವ್ಯಾಪ್ತಿ ಸುಮಾರು ೪೩ ಚದರ ಕಿಲೋಮೀಟರು. ೨೦೧೧ರ ಜನಗಣತಿಯಲ್ಲಿ ಅಲ್ಲಿನ ನಿವಾಸಿಗಳು ೨ ಲಕ್ಷ ೫೮ ಸಾವಿರ. ಆಗ ಇಡೀ ದಿಲ್ಲಿಯ ೧,೪೮೩ ಚದರ ಕಿಲೋಮೀಟರುಗಳಲ್ಲಿ ಇದ್ದವರು ೧ ಕೋಟಿ ೬೮ ಲಕ್ಷ. ಎಂದರೆ ನೂರಕ್ಕೆ ಮೂರರಷ್ಟು ನೆಲದಲ್ಲಿ ನೂರಕ್ಕೆ ಒಂದೂವರೆಯಷ್ಟು ಜನ. ರಸ್ತೆಗೂ ಕಿಟಕಿಗೂ ನಡುವೆ ಹುಲ್ಲುಹಾಸು, ಬೇವು ಜಾಮೂನುಗಳ ಸಾಲು, ಎತ್ತರದ ಗೋಡೆ. ಹಿಂದೆ ೧೯೧೩ರಲ್ಲೇ ರಕ್ಷಿತಾರಣ್ಯವೆಂದು ಘೋಷಿತವಾದ ದಿಣ್ಣೆಯ ಕಾಡು. ಇಷ್ಟರ ಮೇಲೂ ಒಳನುಗ್ಗಿದ ಧೂಳನ್ನು ಸೋಸಲು ಇತ್ತೀಚೆಗೆ ಯಂತ್ರಗಳು ಬಂದಿವೆ.

ಕರೋಲ್ ಬಾಗಿನ ಗಲ್ಲಿಗಳಲ್ಲಿ ಹೊಗೆ ಹೊರಗಿನಿಂದ ಬರುವುದಲ್ಲ, ಅಲ್ಲಿಯೇ ಹುಟ್ಟುವುದು. ಬ್ಯಾಂಕ್ ಸ್ಟ್ರೀಟಿನ ಚಿನ್ನದಂಗಡಿಗಳ ಗಾಜಿನ ಹಿಂದೆ ಹೊಳೆಯುವ ಒಡವೆಗಳಲ್ಲಿ ಎಷ್ಟೋ ಬೀಡನ್‌ಪುರಾ, ರೈಗರ್‌ಪುರಾಗಳ ಮಹಡಿಕೋಣೆಗಳಲ್ಲಿ ರೂಪುಗೊಂಡವು. ಅವುಗಳನ್ನು ಮಾಡುವವರಲ್ಲಿ ಹೆಚ್ಚಿನವರು ಬಂಗಾಳದಿಂದ ವಲಸೆ ಬಂದ ಅಕ್ಕಸಾಲಿಗರು. ಚಿನ್ನವನ್ನು ಶುದ್ಧಿಮಾಡಲು ನೈಟ್ರಿಕ್ ಆಮ್ಲ ಬೇಕು. ಬೆಸುಗೆಗೆ ಊದುಜ್ವಾಲೆ ಬೇಕು. ಗಾಳಿಯಾಡುವ ಕಿಟಕಿಯಾದರೋ ಚಿನ್ನದ ಪುಡಿ ಹಾರಿಹೋದೀತೆಂಬ ಭಯದಿಂದ ಮುಚ್ಚಿಯೇ ಇರಬೇಕು. ಒಂದೇ ಕಟ್ಟಡದ ನೆಲ ಅಂತಸ್ತಿನಲ್ಲಿ ಹವಾನಿಯಂತ್ರಿತ ಮಳಿಗೆ, ಮೂರನೆಯ ಅಂತಸ್ತಿನಲ್ಲಿ ಆಮ್ಲದ ಆವಿ. ಇಂಥ ತಾರತಮ್ಯವನ್ನು ಕಾಣುವುದಕ್ಕೆ ನಗರದ ಎರಡು ತುದಿಗಳಿಗೆ ಹೋಗಬೇಕಾಗಿಲ್ಲ, ಎರಡು ಮೆಟ್ಟಿಲಸಾಲು ಹತ್ತಿದರೆ ಸಾಕು. ಸರ್ಕಾರದ ಅಳತೆಯಂತ್ರಗಳು ಬೀದಿಯ ಗಾಳಿಯನ್ನು ಅಳೆಯುವುವೇ ಹೊರತು ಈ ಕೋಣೆಗಳ ಗಾಳಿಯನ್ನಲ್ಲ. ಒಲೆಯ ಹೊಗೆಗೂ ಇದೇ ಮಾತು ಸಲ್ಲುವುದು. ಸಗಣಿಯ ಬೆರಣಿ, ಕಲ್ಲಿದ್ದಲ ಅಂಗೀಠಿ, ಸೀಮೆಎಣ್ಣೆಯ ಸ್ಟವ್ವು, ಅನಿಲದ ಒಲೆ—ಈ ಕ್ರಮವೇ ದಿಲ್ಲಿಯ ಕುಟುಂಬಗಳ ವರಮಾನದ ಮೆಟ್ಟಿಲೂ ಆಗಿದ್ದಿತು. ಭಾರತದ ಹೆಂಗಸರು ಅಡಿಗೆಮನೆಯಲ್ಲಿ ನುಂಗುವ ಹೊಗೆಯನ್ನು ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಗುಜರಾತಿನ ಹಳ್ಳಿಗಳಲ್ಲಿ ಅಳೆದುದು ೧೯೮೦ರ ದಶಕದ ಆದಿಯಲ್ಲಿ. ಅಲ್ಲಿಯವರೆಗೆ ಅದು ಮಾಲಿನ್ಯವೆಂಬ ಹೆಸರಿಗೂ ಪಾತ್ರವಾಗಿರಲಿಲ್ಲ.

೧೯೬೨ರಲ್ಲಿ ದಿಲ್ಲಿಯ ಮೊದಲ ಮಹಾಯೋಜನೆ ಜಾರಿಗೆ ಬಂದಿತು. ಅಪಾಯಕರವೂ ಉಪದ್ರವಕಾರಿಯೂ ಆದ ಕೈಗಾರಿಕೆಗಳು ವಸತಿ ಪ್ರದೇಶವನ್ನು ಬಿಟ್ಟು ಹೊರಗೆ ಹೋಗತಕ್ಕುದೆಂದು ಅದು ವಿಧಿಸಿತು. ಕಾಗದದ ಮೇಲೆ ವಿಧಿಸಿತೆನ್ನುವುದೇ ಸರಿ. ೧೯೮೪ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ನಡೆದು ಒಂದು ವರ್ಷವೂ ಎರಡು ದಿನವೂ ಕಳೆಯುವಷ್ಟರಲ್ಲಿ, ೧೯೮೫ನೆಯ ಡಿಸೆಂಬರ್ ೪ರಂದು, ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಎಂ. ಸಿ. ಮೆಹತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದಾಖಲಿಸಿದ ವಿವರಗಳು ಗಮನಾರ್ಹವಾಗಿವೆ. ೭೬ ಎಕರೆಗಳ ಆ ಆವರಣದ ಸುತ್ತ ಪಂಜಾಬಿ ಬಾಗ್, ಪಶ್ಚಿಮ ಪಟೇಲ್ ನಗರ, ಕರಂಪುರ, ಅಶೋಕ್ ವಿಹಾರ, ತ್ರಿನಗರ, ಶಾಸ್ತ್ರಿನಗರಗಳು. ೩ ಕಿಲೋಮೀಟರಿನೊಳಗೆ ಸುಮಾರು ೨ ಲಕ್ಷ ಜನ. ಕರೋಲ್ ಬಾಗಿನ ಮಗ್ಗುಲಿಗೇ ತಾಗಿದ ಪಟೇಲ್ ನಗರದ ನಿರಾಶ್ರಿತರು ಲಾಹೋರು ಮುಲ್ತಾನುಗಳಿಂದ ಜೀವ ಉಳಿಸಿಕೊಂಡು ಬಂದು ಸೇರಿದುದು ಈ ನೆರೆಗೆ. ಕಾರ್ಖಾನೆ ಮೊದಲು ಬಂದಿತೇ ಜನ ಮೊದಲು ಬಂದರೇ ಎಂಬ ವಾದ ಆ ಕಾಲದಲ್ಲಿ ನಡೆಯಿತು. ಇತಿಹಾಸದ ದೃಷ್ಟಿಯಲ್ಲಿ ಈ ವಾದಕ್ಕೆ ಅರ್ಥ ಕಡಮೆ. ಕ್ಲೋರಿನ್ ಕಾರ್ಖಾನೆಯ ಬಳಿ ಮನೆಕಟ್ಟುವವನು ಬೇರೆಡೆ ಕಟ್ಟಲು ಹಣವಿಲ್ಲದವನೇ ಸರಿ.

ಆದರೆ ತೀರ್ಪಿನಲ್ಲಿಯ ಇನ್ನೊಂದು ಸಂಖ್ಯೆಯನ್ನು ಮರೆಯಲಾಗದು. ಸ್ಥಾವರವನ್ನು ಖಾಯಮಾಗಿ ಮುಚ್ಚಿದರೆ ಸುಮಾರು ೪ ಸಾವಿರ ಕೆಲಸಗಾರರು ನಿರುದ್ಯೋಗಿಗಳಾಗುವರೆಂಬುದು. ನ್ಯಾಯಾಲಯವು ೧೯೮೬ರ ಫೆಬ್ರವರಿಯಲ್ಲಿ ಕಟ್ಟುನಿಟ್ಟಾದ ಷರತ್ತುಗಳ ಮೇಲೆ ಅದನ್ನು ಮತ್ತೆ ತೆರೆಯಲು ಅನುಮತಿಯಿತ್ತಿತು. ಅದೇ ವರ್ಷದ ಡಿಸೆಂಬರ್ ೨೦ರಂದು, ಅಪಾಯಕರ ಉದ್ಯಮವನ್ನು ನಡೆಸುವವನು ಅದರಿಂದಾಗುವ ಹಾನಿಗೆ ಯಾವ ವಿನಾಯಿತಿಯೂ ಇಲ್ಲದೆ ಹೊಣೆಯೆಂಬ ಹೊಸ ತತ್ತ್ವವನ್ನು ಸಾರಿತು. ಹೊಗೆಯನ್ನು ಉಸಿರಾಡುವವನೂ ಆ ಹೊಗೆಯಿಂದಲೇ ಅನ್ನ ಕಾಣುವವನೂ ಒಂದೇ ಓಣಿಯವರಾದಾಗ ನ್ಯಾಯವೆಂಬುದು ಎಷ್ಟು ಕಷ್ಟವೆಂಬುದು ಅಲ್ಲಿಗೆ ಸ್ಪಷ್ಟವಾಗಿ ಗೋಚರಿಸಿತು. ಮರುವರ್ಷ ಕಾನ್ಪುರದ ಚರ್ಮೋದ್ಯಮಗಳಿಂದ ಗಂಗೆ ಮಲಿನವಾದ ಮೊಕದ್ದಮೆ ತೀರ್ಮಾನವಾದುದು ಕನ್ನಡ ನಾಡಿನವರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರೂ ನ್ಯಾಯಮೂರ್ತಿ ಕೆ. ಎನ್. ಸಿಂಗರೂ ಇದ್ದ ಪೀಠದಲ್ಲಿ. ನಿರುದ್ಯೋಗ ಉಂಟಾದರೂ ಜೀವ, ಆರೋಗ್ಯ, ಪರಿಸರಗಳ ಮಹತ್ವ ಅದಕ್ಕಿಂತ ಹೆಚ್ಚಿನದೆಂಬ ನಿಲುವು ಆ ತೀರ್ಪಿನಲ್ಲಿ ವ್ಯಕ್ತವಾಯಿತು. ತತ್ತ್ವ ನಿರ್ವಿವಾದವಾದುದು, ಆದರೆ ಅದರ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ದಿಲ್ಲಿ ಹತ್ತು ವರ್ಷಗಳ ತರುವಾಯ ಎದುರಿಸಬೇಕಾಯಿತು.

೧೯೯೬ನೆಯ ಜುಲೈ ೮ರಂದು ಸುಪ್ರೀಂ ಕೋರ್ಟು ೧೬೮ ಅಪಾಯಕರ ಕಾರ್ಖಾನೆಗಳನ್ನು ಆ ವರ್ಷದ ನವೆಂಬರ್ ೩೦ರೊಳಗೆ ದಿಲ್ಲಿಯಲ್ಲಿ ಮುಚ್ಚತಕ್ಕುದೆಂದು ಆಜ್ಞಾಪಿಸಿತು. ಬಿರ್ಲಾ ಮಿಲ್ಸಿನ ಚಿಮಣಿ ಆರಿತು. ಸ್ಥಳಾಂತರದ ಭತ್ಯ, ಮುಚ್ಚುವಿಕೆಯ ಪರಿಹಾರ ಇವುಗಳನ್ನು ನ್ಯಾಯಾಲಯವೇನೋ ವಿಧಿಸಿತು. ಹಾಜರಿಪುಸ್ತಕದಲ್ಲಿ ಹೆಸರಿದ್ದವನಿಗೆ ಅದು ದಕ್ಕುವಂತಿತ್ತು. ಗುತ್ತಿಗೆದಾರನ ಕೆಳಗೆ ಹೆಸರಿಲ್ಲದೆ ದುಡಿದವನಿಗೆ ಏನೂ ಇಲ್ಲ. ದಿಲ್ಲಿ ಜನವಾದಿ ಅಧಿಕಾರ ಮಂಚ್ ಎಂಬ ಸಂಘಟನೆ ೧೯೯೭ರಲ್ಲಿ ಹೊರತಂದ ವರದಿ ಈ ಕೆಲಸಗಾರರ ಅವಸ್ಥೆಯನ್ನು ದಾಖಲಿಸಿತು. ೨೦೦೦ದ ನವೆಂಬರಿನಲ್ಲಿ ವಸತಿ ಪ್ರದೇಶದ ಸಣ್ಣ ಕಾರ್ಖಾನೆಗಳ ಮೇಲೂ ಕತ್ತಿ ಬಿದ್ದಾಗ, ಮಾಲಿಕರೂ ಕೂಲಿಕಾರರೂ ಒಟ್ಟಿಗೆ ಬೀದಿಗಿಳಿದು ನಗರ ಸ್ತಬ್ಧವಾಯಿತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯಂತೆ, ನ್ಯಾಯಾಲಯ ಸರ್ಕಾರಗಳ ನಡುವೆ ಸವೆದವನು ಕೂಲಿಕಾರ. ಸಮಾಜಶಾಸ್ತ್ರಜ್ಞೆ ಅಮಿತಾ ಬಾವಿಸ್ಕರ್ ಈ ಪ್ರವೃತ್ತಿಗೆ ‘ಬೂರ್ಷ್ವಾ ಪರಿಸರವಾದ’ ಎಂಬ ಹೆಸರ ನಿಟ್ಟರು: ಸುಖವಾಗಿರುವವರ ಕಣ್ಣಿಗೂ ಮೂಗಿಗೂ ಅಹಿತವಾದುದನ್ನು ಮೊದಲು ತೊಲಗಿಸುವ ಪರಿಸರವಾದ. ಮಾತು ಸ್ವಲ್ಪ ಕಠೋರವೆನಿಸಬಹುದು. ಮುಚ್ಚಿದ ಕಾರ್ಖಾನೆಗಳಲ್ಲಿ ನಿಜವಾಗಿಯೂ ಅಪಾಯಕರವಾದುವು ಇದ್ದುವು, ಅವುಗಳ ನೆರೆಯಲ್ಲಿದ್ದವರು ಬಡವರೇ. ಆದರೆ ಆ ಚಿಮಣಿಗಳ ಜಾಗದಲ್ಲಿ ಎದ್ದುವು ವಾಣಿಜ್ಯ ಸಮುಚ್ಚಯಗಳೂ ಸಿರಿವಂತರ ವಸತಿಗಳೂ ಎಂಬುದನ್ನು ನೋಡಿದವನು ಆ ಹೆಸರನ್ನು ಪೂರ್ತಿ ತಳ್ಳಿಹಾಕಲಾರನು.

ಹೊರಬಿದ್ದ ಕೈಗಾರಿಕೆಗಳಿಗಾಗಿ ನಗರದ ವಾಯವ್ಯದ ಅಂಚಿನಲ್ಲಿ ಬವಾನಾ ಕೈಗಾರಿಕಾ ಪ್ರದೇಶವನ್ನು ನಿರ್ಮಿಸಿದರು. ೨೦೦೪ರಲ್ಲಿ ಯಮುನೆಯ ದಂಡೆಯ ಪುಷ್ತಾ ಗುಡಿಸಲುಗಳನ್ನು ಕೆಡವಿದಾಗ ಅಲ್ಲಿನ ಜನರಿಗೆ ತೋರಿಸಿದ ಜಾಗಗಳಲ್ಲಿಯೂ ಬವಾನಾ ಒಂದು. ಎಂಬತ್ತು ವರ್ಷಗಳ ಹಿಂದೆ ರೈಗರ್‌ಪುರಾದಲ್ಲಿ ಆದುದೇ ಮೂವತ್ತು ಕಿಲೋಮೀಟರು ಆಚೆ ಮರುಕಳಿಸಿತು: ಹೊಗೆಯೂ ಬಡವನೂ ಒಂದೇ ಗಾಡಿಯಲ್ಲಿ ಸಾಗಿದರು. ೨೦೧೯ರಲ್ಲಿ ದಿಲ್ಲಿಯ ಅತಿ ಮಲಿನವಾದ ೧೩ ತಾಣಗಳನ್ನು ಗುರುತಿಸಿದಾಗ ಆ ಪಟ್ಟಿಯಲ್ಲಿ ಬವಾನಾ, ನರೇಲಾ, ಮುಂಡಕಾಗಳು ಸೇರಿದ್ದುವು. ಅದೇ ಪಟ್ಟಿಯಲ್ಲಿ ರಾಮಕೃಷ್ಣಪುರವೂ ಇದ್ದುದನ್ನು ಹೇಳದಿರುವುದು ಸರಿಯಲ್ಲ. ದಿಲ್ಲಿ ಕರ್ನಾಟಕ ಸಂಘದ ಕಟ್ಟಡವಿರುವುದು ಅಲ್ಲಿಯೇ. ಅದು ಸರ್ಕಾರಿ ನೌಕರರ ವಸತಿ, ಬಡವರ ಕೇರಿಯಲ್ಲ. ವಾಹನಗಳ ಹೊಗೆಗೆ ಕಾರ್ಖಾನೆಯ ಹೊಗೆಯಂತೆ ಕುಲಗೋತ್ರಗಳ ಪರಿವೆ ಅಷ್ಟಾಗಿ ಇಲ್ಲವೆಂಬುದಕ್ಕೆ ಇದು ನಿದರ್ಶನ.

ಆದರೆ ಆ ವಾಹನಗಳು ಯಾರವು? ೧೯೯೮ನೆಯ ಜುಲೈ ೨೮ರ ಆಜ್ಞೆಯಂತೆ ದಿಲ್ಲಿಯ ಬಸ್ಸುಗಳೆಲ್ಲ ಡೀಸಲನ್ನು ಬಿಟ್ಟು ಸಾಂದ್ರೀಕೃತ ಅನಿಲಕ್ಕೆ ಪರಿವರ್ತಿತವಾಗಬೇಕಾಯಿತು. ೨೦೦೨ರ ಕೊನೆಗೆ ಆ ಕಾರ್ಯ ಮುಗಿಯಿತು. ನಡುವೆ ೨೦೦೧ರಲ್ಲಿ ಬಸ್ಸು ಕಡಮೆಯಾಗಿ ನಿಲ್ದಾಣಗಳಲ್ಲಿ ಗಂಟೆಗಟ್ಟಲೆ ನಿಂತವರು ಬಸ್ಸಿನಲ್ಲಿ ಓಡಾಡುವವರೇ. ಅವರು ಸಹಿಸಿ ಗಳಿಸಿಕೊಟ್ಟ ಶುಭ್ರತೆಯನ್ನು ಮುಂದಿನ ವರ್ಷಗಳಲ್ಲಿ ಖಾಸಗಿ ಕಾರುಗಳ ಪ್ರವಾಹ ಕಬಳಿಸಿತು. ಸೂಕ್ಷ್ಮಕಣಗಳ ವಾರ್ಷಿಕ ಸರಾಸರಿಗೆ ಭಾರತ ಸರ್ಕಾರ ೨೦೦೯ರಲ್ಲಿ ನಿಗದಿಮಾಡಿದ ಮಿತಿ ಘನಮೀಟರಿಗೆ ೪೦ ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಹೇಳಿದುದು ೫. ದಿಲ್ಲಿಯ ಸರಾಸರಿ ಭಾರತದ ಮಿತಿಯ ಎರಡು ಪಾಲಿಗಿಂತಲೂ ಮೇಲೆಯೇ ನಿಂತಿದೆ. ಕರೋಲ್ ಬಾಗಿಗೆ ಹೊಂದಿಕೊಂಡ ಸರ್ ಗಂಗಾರಾಮ್ ಆಸ್ಪತ್ರೆಯಲ್ಲಿ ೨೦೧೮ರ ನವೆಂಬರಿನಲ್ಲಿ ನಿಲ್ಲಿಸಿದ್ದ ಬಿಳಿಯ ಕೃತಕ ಶ್ವಾಸಕೋಶವು ವಾರ ಕಳೆಯುವುದರೊಳಗೆ ಕಪ್ಪಾದುದನ್ನು ಆ ಬೀದಿಯಲ್ಲಿ ನಡೆದಾಡಿದವರೆಲ್ಲ ಕಂಡರು. ಅಜ್ಮಲ್ ಖಾನ್ ರಸ್ತೆಯ ಒಂದು ಭಾಗದಿಂದ ಕಾರುಗಳನ್ನು ಹೊರಗಿಟ್ಟುದು ಮರುವರ್ಷ.

ಅಸಮತೆಯಿಂದ ಮಾಲಿನ್ಯವೋ, ಮಾಲಿನ್ಯದಿಂದ ಅಸಮತೆಯೋ ಎಂಬುದು ಪಂಡಿತರಲ್ಲಿ ಇನ್ನೂ ವಿವಾದಾಸ್ಪದ. ದೇಶದ ವರಮಾನ ಏರುತ್ತ ಹೋದಂತೆ ಮಾಲಿನ್ಯ ಮೊದಲು ಏರಿ ಬಳಿಕ ತಾನಾಗಿ ಇಳಿಯುವುದೆಂಬ ಸಿದ್ಧಾಂತವನ್ನು ಗ್ರೋಸ್‌ಮನ್, ಕ್ರೂಗರ್ ಎಂಬವರ ಗಣನೆಗಳು ೧೯೯೦ರ ದಶಕದಲ್ಲಿ ಪ್ರಚುರಪಡಿಸಿದುವು. ತೋರಾಸ್ ಮತ್ತು ಬಾಯ್ಸ್ ೧೯೯೮ರಲ್ಲಿ ಇದನ್ನು ಪರಿಷ್ಕರಿಸಿ, ಇಳಿತಕ್ಕೆ ವರಮಾನವೊಂದೇ ಸಾಲದು, ಸಾಕ್ಷರತೆ, ರಾಜಕೀಯ ಹಕ್ಕು ಮುಂತಾಗಿ ಅಧಿಕಾರದ ಹಂಚಿಕೆಯೂ ಬೇಕೆಂದು ವಾದಿಸಿದರು. ಇದಕ್ಕೆ ಪ್ರತಿಯಾಗಿ ರಾವಾಲಿಯನ್ ಮೊದಲಾದವರು ೨೦೦೦ದಲ್ಲಿ, ಅಂಗಾರಾನಿಲದ ಮಟ್ಟಿಗಾದರೂ ಬಡವರ ಕೈಯಲ್ಲಿ ಹಣ ಹೆಚ್ಚಿದಂತೆ ಹೊಗೆಯೂ ಹೆಚ್ಚುವುದೆಂಬ ಅಹಿತವಾದ ಫಲಿತಾಂಶವನ್ನು ಮುಂದಿಟ್ಟರು. ಕರೋಲ್ ಬಾಗಿನ ಚರಿತ್ರೆ ಈ ವಿವಾದವನ್ನು ತೀರ್ಮಾನಿಸಲಾರದು. ಬಾಯ್ಸ್ ಹೇಳುವ ಅಧಿಕಾರದ ಮಾತಿಗೆ ಮಾತ್ರ ಅದು ಬಲವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಇಲ್ಲಿಗೆ ಬಂದ ಹೊಗೆಯಲ್ಲಿ ಯಾವುದೂ ತನ್ನಷ್ಟಕ್ಕೆ ಬಂದುದಲ್ಲ; ಒಬ್ಬ ಅಧಿಕಾರಿಯ ರುಜು, ಒಂದು ಹರಾಜು, ಒಂದು ಜಾರಿಯಾಗದ ಯೋಜನೆ ಪ್ರತಿಸಲವೂ ಅದರ ಹಿಂದೆ ಇದ್ದೇ ಇದ್ದಿತು.

೨೦೧೭ರಿಂದ ದಿಲ್ಲಿಯಲ್ಲಿ ಜಾರಿಯಲ್ಲಿರುವ ಶ್ರೇಣೀಕೃತ ಕಾರ್ಯಯೋಜನೆಯ ಪ್ರಕಾರ, ಹೊಗೆ ಮಿತಿಮೀರಿದಾಗ ಕಟ್ಟಡದ ಕೆಲಸಗಳನ್ನು ನಿಲ್ಲಿಸುತ್ತಾರೆ. ಕೆಲಸ ನಿಂತ ದಿನ ಗಾರೆಯವನಿಗೂ ಕಲ್ಲು ಹೊರುವವಳಿಗೂ ಕೂಲಿಯಿಲ್ಲ. ಅವರಿಗೆ ಕಾರ್ಮಿಕ ಕಲ್ಯಾಣದ ನಿಧಿಯಿಂದ ಜೀವನಾಂಶ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೨೧ರ ನವೆಂಬರಿನಲ್ಲಿ ಆದೇಶಿಸಿತು. ಮೂರು ವರ್ಷಗಳ ಬಳಿಕ, ೨೦೨೪ರ ಡಿಸೆಂಬರಿನಲ್ಲಿ, ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳನ್ನು ನ್ಯಾಯಾಲಯ ಕರೆಸಿ ಕೇಳಿದಾಗ ತಿಳಿದುಬಂದುದೇನೆಂದರೆ, ದಿಲ್ಲಿಯ ೯೦ ಸಾವಿರಕ್ಕೂ ಮಿಕ್ಕ ನೋಂದಾಯಿತ ಕಾರ್ಮಿಕರಿಗೆ ತಲಾ ೮ ಸಾವಿರ ರೂಪಾಯಿ ಸಲ್ಲಬೇಕಾಗಿದ್ದುದರಲ್ಲಿ ಅಂದಿನವರೆಗೆ ಪಾವತಿಯಾಗಿದ್ದುದು ೨ ಸಾವಿರ. ನೋಂದಣಿ ಇಲ್ಲದವರ ಲೆಕ್ಕ ಆ ಕಾಗದಪತ್ರಗಳಲ್ಲಿ ಇರಲಿಲ್ಲ.